ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತ್ರಿಶಂಕು

ಮೇ ತಿಂಗಳ ನಡುಭಾಗ, ಅಮಾವಾಸ್ಯೆಯ ಆಸುಪಾಸು, ರಾತ್ರಿ ಒಂಬತ್ತು ದಾಟಿದೆ. ಕೆರೆಯ ಏರಿಯ ಮೇಲೆ ನಿಂತು ಕ್ಯಾಮೆರಾವನ್ನು ಬೇಕೆಂದೇ ದಕ್ಷಿಣಕ್ಕೆ ತಿರುಗಿಸಿದ್ದೇನೆ. ಆಕಾಶ ನೋಡಲು ಹೊರಟವರು ಸಾಮಾನ್ಯವಾಗಿ ನೆತ್ತಿಯನ್ನೇ ದಿಟ್ಟಿಸುತ್ತಾರೆ. ನಮ್ಮ ನಾಡಿನವರಿಗೆ ಸಿಕ್ಕಿರುವ ಭಾಗ್ಯವಿರುವುದು ಈ ಕೆಳಗಿನ ಅಂಚಿನಲ್ಲಿ.

ಚಾಚಿದ ಕೈಯ ಒಂದು ಮುಷ್ಟಿ ಎಂದರೆ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ, ಗಾಳಿಪಟದ ಆಕಾರದಲ್ಲಿ ನಾಲ್ಕು ನಕ್ಷತ್ರಗಳಿವೆಯಲ್ಲ, ಅದೇ ತ್ರಿಶಂಕು, ಇಂಗ್ಲಿಷಿನ ‘ಸದರ್ನ್ ಕ್ರಾಸ್’ (ದಕ್ಷಿಣದ ಶಿಲುಬೆ). ವಿಶ್ವಾಮಿತ್ರ ಸ್ವರ್ಗಕ್ಕೆ ಏರಿಸಿ, ಇಂದ್ರ ಕೆಳಕ್ಕೆ ತಳ್ಳಿ, ನಡುವೆಯೇ ಉಳಿದ ರಾಜ. ಬೀದರಿನಲ್ಲಿ ಅದರ ತಳದ ನಕ್ಷತ್ರ ಒಂದು ಮುಷ್ಟಿಯಷ್ಟೂ ಏರುವುದಿಲ್ಲ. ದೆಹಲಿಯಲ್ಲಂತೂ ಅದು ಹುಟ್ಟುವುದೇ ಇಲ್ಲ. ನೈಋತ್ಯದಲ್ಲಿ ಮುಳುಗುತ್ತಿರುವ ಇನ್ನೊಂದು ಶಿಲುಬೆಯಾಕಾರವನ್ನು ಕಂಡು ಮೋಸಹೋಗಬೇಡಿ. ನಿಜವಾದ ತ್ರಿಶಂಕುವಿನ ಎಡಕ್ಕೆ ಎರಡು ಪ್ರಖರ ನಕ್ಷತ್ರಗಳು ಇದ್ದೇ ಇರುತ್ತವೆ.

ಆ ಎರಡರಲ್ಲಿ ಎಡತುದಿಯದು ಆಲ್ಫಾ ಸೆಂಟಾರಿ. ನಮ್ಮಿಂದ ಸುಮಾರು 4.4 ಜ್ಯೋತಿರ್ವರ್ಷ ದೂರ, ಅಂದರೆ ಸೂರ್ಯನ ನೆರೆಮನೆ. ಅದು ಒಂಟಿಯಲ್ಲ, ಜೋಡಿ ಎಂದು ಮೊದಲು ಕಂಡದ್ದು 1689ರಲ್ಲಿ, ನಮ್ಮ ಪಕ್ಕದ ಪುದುಚೇರಿಯಿಂದ. ಧೂಮಕೇತುವನ್ನು ನೋಡುತ್ತಿದ್ದ ಫ್ರೆಂಚ್ ಪಾದ್ರಿ ಜಾನ್ ರಿಷೋ ಅವರ ದೂರದರ್ಶಕಕ್ಕೆ ಅದು ಸಿಕ್ಕಿತು. ಈ ಸಂಗತಿ ನಮ್ಮ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ತಿಳಿಯಬೇಕು ಎಂಬುದು ನನ್ನ ಆಸೆ.

ಈಗ ಬೈನಾಕ್ಯುಲರ್ ಎತ್ತಿಕೊಳ್ಳಿ. ಆ ಎರಡು ಪ್ರಖರ ನಕ್ಷತ್ರಗಳಲ್ಲಿ ಬಲಗಡೆಯದರಿಂದ ಒಂದೂವರೆ ಮುಷ್ಟಿಯಷ್ಟು ಮೇಲಕ್ಕೆ, ತುಸು ಬಲಕ್ಕೆ ಹೋದರೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ. ಮೊದಲು ಮಸುಕಾದ ಒಂದು ಚುಕ್ಕೆ. ಮೊಣಕೈಗಳನ್ನು ಕಾರಿನ ಬಾನೆಟ್ಟಿಗೆ ಊರಿ, ನಡುಕ ನಿಲ್ಲಿಸಿ, ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಚುಕ್ಕೆ ದುಂಡಗೆ ಅಗಲವಾಗುತ್ತದೆ. ನಡುವೆ ದಟ್ಟ, ಅಂಚಿನಲ್ಲಿ ತೆಳು. ಆ ಮಬ್ಬಿನಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಈ ಬೆಳಕು ಅಲ್ಲಿಂದ ಹೊರಟು ಸುಮಾರು 17,000 ವರ್ಷಗಳಾಗಿವೆ. ನನ್ನ ಮಟ್ಟಿಗೆ ಬೇಸಿಗೆಯ ಆಕಾಶದಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ.

ಜಾಗ ಆರಿಸುವಾಗ ಒಂದೇ ಮಾತು: ನಿಮ್ಮ ಊರಿನ ದಕ್ಷಿಣಕ್ಕೆ ಹೋಗಿ. ಆಗ ಊರಿನ ದೀಪಗಳ ಹೊಳಪು ಬೆನ್ನ ಹಿಂದೆ ಉಳಿಯುತ್ತದೆ. ಮುಂಗಾರುಪೂರ್ವ ಮಳೆ ಬಿದ್ದು ಮೋಡ ಹರಿದ ರಾತ್ರಿ ಸಿಕ್ಕರೆ ಬಿಡಲೇಬೇಡಿ, ಧೂಳು ತೊಳೆದುಹೋಗಿ ದಿಗಂತದವರೆಗೂ ತಿಳಿಯಾಗಿರುತ್ತದೆ. ಜೂನ್ ಬಂದು ಮುಂಗಾರು ಹಿಡಿಯಿತೆಂದರೆ, ಮುಂದಿನ ಬೇಸಿಗೆಯವರೆಗೂ ಸಂಜೆಯ ಹೊತ್ತಿನಲ್ಲಿ ತ್ರಿಶಂಕು ಸಿಗುವುದಿಲ್ಲ.