ಐದರ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಜೆಥ್ರೊ ಟಲ್ ಅನ್ನುವ ಹೆಸರು ನಮ್ಮ ಕಲಬುರಗಿಯ ತೊಗರಿ ಬೆಳೆಗಾರರಿಗೆ ಗೊತ್ತಿರಬೇಕಾದದ್ದು. 1701ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕುದುರೆ ಎಳೆಯುವ ಬಿತ್ತನೆ ಯಂತ್ರ ಮಾಡಿದವನು ಅವನು. ಕಾಳನ್ನು ಸುಮ್ನೆ ಚೆಲ್ಲಬಾರದು, ಸಾಲು ಹಿಡಿದು ಬೀಳಬೇಕು ಅನ್ನುವುದು ಅವನ ಹಟ. ಕೂರಿಗೆ ಹಿಡಿದು ಬೆಳೆದ ನಮ್ಮ ಜನಕ್ಕೆ ಇದೇನು ದೊಡ್ಡ ಸುದ್ದಿಯಲ್ಲ ಬಿಡಿ.

ಇನ್ನೂರೈವತ್ತು ವರ್ಷ ದಾಟಿದ ಮೇಲೆ ಅದೇ ದೇಶದ ಕೆಲವು ಹುಡುಗರು ಒಂದು ಬ್ಯಾಂಡ್ ಕಟ್ಟಿದರು. ಒಂದು ಹೆಸರಿನಲ್ಲಿ ನುಡಿಸಿದರೆ ಕ್ಲಬ್ಬಿನವರು ಮತ್ತೆ ಕರೆಯುತ್ತಿರಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಹೋಗುತ್ತಿದ್ದರು! ಅವರಿಗೆ ಕಾರ್ಯಕ್ರಮ ಹಿಡಿದುಕೊಡುತ್ತಿದ್ದ ಕಚೇರಿಯಲ್ಲಿ ಇತಿಹಾಸದ ಹುಚ್ಚಿನವನೊಬ್ಬ ಇದ್ದ. ಅವನು ಒಮ್ಮೆ ಈ ಬಿತ್ತನೆ ಯಂತ್ರದವನ ಹೆಸರು ಇಟ್ಟ. ಆ ಸಲ ಕ್ಲಬ್ಬಿನವರು ಮತ್ತೆ ಕರೆದರು. ಹೆಸರು ಹಾಗೇ ಉಳಿಯಿತು.

ಇವರು ನುಡಿಸುವುದನ್ನು ಪ್ರೊಗ್ರೆಸಿವ್ ರಾಕ್ ಅನ್ನುತ್ತಾರೆ. ಮೂರು ನಿಮಿಷದ ಹಾಡು ಸಾಲದು ಅನ್ನಿಸಿದವರ ಸಂಗೀತ ಅದು. ಜಾಸ್, ಜಾನಪದ, ಯುರೋಪಿನ ಶಾಸ್ತ್ರೀಯ ಸಂಗೀತ, ಯಾವುದನ್ನೂ ಬಿಡುವುದಿಲ್ಲ. ಕಾಲೇಜಿನ ದಿನಗಳಿಂದ ಇವರ ಕ್ಯಾಸೆಟ್ ಕೇಳುತ್ತಾ ಬಂದವನು ನಾನು. ಬೆಂಗಳೂರಿಗೆ ಬರುತ್ತಾರೆ ಅಂತ ಗೊತ್ತಾದಾಗ ನಮ್ಮ ಅಣ್ಣನ ಮಗನನ್ನು ಕಟ್ಟಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಅವನು ಬ್ರಹ್ಮಪುರದ ಕಡೆ ಭಜನೆಗೆ ತಬಲಾ ನುಡಿಸುತ್ತಾನೆ. ರಾಕ್ ಅಂದರೆ ಬರೀ ಗದ್ದಲ ಅನ್ನುವವನು. ಟಿಕೆಟ್ ದುಡ್ಡು ನನ್ನದು, ಅದಕ್ಕೆ ಬಂದ.

ಬ್ಯಾಂಡಿನ ಮುಖ್ಯ ಗಾಯಕ ಇಯಾನ್ ಆಂಡರ್ಸನ್. ಕೊಳಲೂ ಅವರದೇ. ಒಂಟಿ ಕಾಲಿನ ಮೇಲೆ ನಿಂತು ನುಡಿಸುತ್ತಾರೆ. ಜನ ಸೀಟಿ ಹೊಡೆದದ್ದು ಅದಕ್ಕೇ. ನನಗೆ ಅದು ಪೋಸ್ಟರಿಗೆ ಚೆಂದ, ಅಷ್ಟೆ. ನನ್ನ ಕಣ್ಣು ಹೋದದ್ದು ಬೆರಳಿಗೆ. ಯಾಕೆ ಅಂದರೆ ಆ ಬೆರಳಿಗೊಂದು ಕಥೆ ಇದೆ. 1967ರಲ್ಲಿ ಅವರು ತಮ್ಮ ಗಿಟಾರ್ ಕೊಟ್ಟು ಅದಕ್ಕೆ ಬದಲಾಗಿ ಒಂದು ಕೊಳಲು, ಒಂದು ಮೈಕು ತಂದರು. ಗಿಟಾರಿನಲ್ಲಿ ಆಗಿನ ಹೆಸರಾಂತ ವಾದಕ ಎರಿಕ್ ಕ್ಲಾಪ್ಟನ್‌ ಮಟ್ಟಕ್ಕೆ ಏರಲಾರೆ ಅಂತ ಗೊತ್ತಾಗಿತ್ತು. ಗುರು ಇಲ್ಲ, ಪಾಠ ಇಲ್ಲ, ತಾವೇ ಊದಿ ಊದಿ ಕಲಿತರು. ಕೋಟಿಗಟ್ಟಲೆ ರೆಕಾರ್ಡ್ ಮಾರಾಟವಾದವು. 1990ರ ದಶಕದಲ್ಲಿ ಮಗಳು ಕೊಳಲಿನ ಪಾಠಕ್ಕೆ ಸೇರಿದಳು. ಅವಳ ಬೆರಳು ಒಂದು ಕಡೆ, ಅಪ್ಪನ ಬೆರಳು ಇನ್ನೊಂದು ಕಡೆ! ಇಷ್ಟು ವರ್ಷ ತಾವು ಇಟ್ಟ ಬೆರಳೇ ತಪ್ಪು ಅಂತ ಆಗ ತಿಳಿಯಿತು. ಹೆಸರು ಮಾಡಿದವರು ಯಾರಾದರೂ ಸುಮ್ಮನೆ ಇದ್ದುಬಿಡುತ್ತಿದ್ದರು, ಅಲ್ವಾ? ಇವರು ಐವತ್ತರ ಹತ್ತಿರ ಬಂದವರು, ಕೂತು ಮೊದಲಿಂದ ಬೆರಳು ಹಾಕುವುದನ್ನು ಕಲಿತರು. ಹಳೆಯ ರೂಢಿ ಬಿಡಿಸಿಕೊಳ್ಳುವುದು ಹೊಸದು ಕಲಿಯುವುದಕ್ಕಿಂತ ಕಷ್ಟ. ಹಾರ್ಮೋನಿಯಂ ಹಿಡಿದವರನ್ನು ಕೇಳಿ ನೋಡಿ.

ಇನ್ನು ಐದರ ಲೆಕ್ಕಕ್ಕೆ ಬರುತ್ತೇನೆ. 1969ರಲ್ಲಿ ಇವರಿಗೆ ದೊಡ್ಡ ಹೆಸರು ತಂದ 'ಲಿವಿಂಗ್ ಇನ್ ದ ಪಾಸ್ಟ್' ಅನ್ನುವ ಹಾಡು ಐದು ಎಣಿಕೆಯದು. ರಾಕ್ ಹಾಡುಗಳು ಸಾಮಾನ್ಯವಾಗಿ ನಾಲ್ಕರಲ್ಲಿ ನಡೆಯುತ್ತವೆ. ಹಾಡು ಶುರುವಾಯಿತು, ಮೈದಾನದ ಜನವೆಲ್ಲ ಚಪ್ಪಾಳೆ ಹಾಕಿದರು. ಎರಡು ಸುತ್ತು ನಡೆಯಿತು. ಆಮೇಲೆ ಚಪ್ಪಾಳೆ ಒಂದು ಕಡೆ, ಹಾಡು ಒಂದು ಕಡೆ. ನಾನೂ ಹೊಡೆಯುತ್ತಿದ್ದೆ. ನಮ್ಮ ಹುಡುಗ ನನ್ನ ಕೈ ಹಿಡಿದುಬಿಟ್ಟ. "ಕಾಕಾ, ಐದರ ಲೆಕ್ಕ ಅದ ಇದು. ಮೂರು, ಆಮ್ಯಾಲ ಎರಡು. ನಾಕು ಹೊಡೀಬ್ಯಾಡ್ರಿ." ಅವನ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ಝಪ್ತಾಲ ಅನ್ನುವ ತಾಳದ ಹತ್ತು ಮಾತ್ರೆ, ಅಂದರೆ ಹತ್ತು ಎಣಿಕೆ, ನುಡಿಸಿದ ಕೈ, ಅದಕ್ಕೆ ಐದು ಯಾವ ಲೆಕ್ಕ? ಅಲ್ಲಿಂದ ಅವನು ಗದ್ದಲ ಅನ್ನುವ ಮಾತು ಎತ್ತಲಿಲ್ಲ. ಡ್ರಮ್ಮಿನವನ ಮೇಲಿಟ್ಟ ಕಣ್ಣು ತೆಗೆಯಲೂ ಇಲ್ಲ.

ಕ್ಯಾಸೆಟ್ಟಿನಲ್ಲಿ ಕಾಣದ್ದು ಇನ್ನೊಂದಿತ್ತು. ಆಂಡರ್ಸನ್ ಊದದೆ ಇರುವಾಗ ಕೊಳಲನ್ನೇ ಕೋಲಿನ ಹಾಗೆ ಬೀಸಿ ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ಅಂತ ಉಳಿದವರಿಗೆ ತೋರಿಸುತ್ತಿದ್ದರು. ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿದವರಿಗೆ ಇದು ಗೊತ್ತು. ಹಾಡುವವನ ಕೈ ಎದ್ದರೆ ತಬಲಾದವನಿಗೆ ಅದೇ ಅಪ್ಪಣೆ. ಕೆಲವೊಮ್ಮೆ ಆಂಡರ್ಸನ್ ಊದುತ್ತಲೇ ಗಂಟಲಿನಲ್ಲಿ ಗುನುಗುತ್ತಾರೆ, ಒಂದೇ ಕೊಳಲಿನಿಂದ ಎರಡು ದನಿ ಬಂದಂತೆ ಕೇಳಿಸುತ್ತದೆ. ಹಾಗಂತ ಎಲ್ಲ ಚೆನ್ನಾಗಿತ್ತು ಅನ್ನಲಾರೆ. ಹಾಡುವ ದನಿ ಹಳೆಯದಾಗಿದೆ, ಮೇಲಿನ ಸ್ವರಕ್ಕೆ ಹೋಗಲಿಲ್ಲ. ಅಲ್ಲೆಲ್ಲ ಕೊಳಲು ಮುಂದೆ ಬಂದು ಹೊರೆ ಹೊತ್ತುಕೊಂಡಿತು. ಇದು ಕೂಡ ಕಸುಬಿನ ಮಾತೇ.

1972ರಲ್ಲಿ ಇವರು ತಂದ ಒಂದು ಆಲ್ಬಮ್ಮಿನಲ್ಲಿ ಇರುವುದು ಒಂದೇ ಹಾಡು. ರೆಕಾರ್ಡಿನ ಎರಡೂ ಬದಿ ಸೇರಿ 43 ನಿಮಿಷ. ಅಷ್ಟು ಹೊತ್ತು ಯಾರು ಕೂರುತ್ತಾರೆ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕಡಕೋಳ ಮಡಿವಾಳಪ್ಪನ ತತ್ವಪದ ಹಿಡಿದು ಬೆಳಗಿನ ತನಕ ಭಜನೆ ಮಾಡುವ ಊರಿನವರಿಗೆ 43 ನಿಮಿಷ ಅಂದರೆ ಚಹಾ ಬರುವುದಕ್ಕೆ ಮೊದಲಿನ ಹೊತ್ತು.

ವಾಪಸ್ ಬರುವಾಗ ರೈಲಿನಲ್ಲಿ ನಮ್ಮ ಹುಡುಗ ತೀರ್ಪು ಕೊಟ್ಟ: "ಡ್ರಮ್ಮಿನವ ಚಲೋ ಇದ್ದಾನ. ಖರೆ, ಸಮ್‌ಗೆ ಬರೋ ಹೊತ್ತಿಗೆ ಜರಾ ಅವಸರ ಮಾಡ್ತಾನ." ಸಮ್ ಅಂದರೆ ತಾಳದ ಮೊದಲ ಎಣಿಕೆ. ನನಗಂತೂ ಆ ಅವಸರ ಕೇಳಿಸಿರಲಿಲ್ಲ.

ಹೊಸದಾಗಿ ಕೇಳುವವರು ಆ ಉದ್ದದ ಹಾಡಿಗೆ ಕೈ ಹಾಕಬೇಡಿ. 1969ರ 'ಸ್ಟಾಂಡ್ ಅಪ್' ಆಲ್ಬಮ್ಮಿನಲ್ಲಿ 'ಬುರೆ' ಅಂತ ಒಂದಿದೆ. ಜರ್ಮನಿಯ ಶಾಸ್ತ್ರೀಯ ಸಂಗೀತದ ಬಾಖ್ ಬರೆದ ಹಳೆಯ ಕುಣಿತದ ಧಾಟಿಯನ್ನು ಕೊಳಲಿನಲ್ಲಿ ಜಾಸ್ ಚಾಲಿಗೆ ಕೂರಿಸಿದ್ದಾರೆ. ನಾಲ್ಕು ನಿಮಿಷವೂ ಇಲ್ಲ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ನಡುವೆ ತಗ್ಗಿನ ದನಿಯ ಬೇಸ್ ಗಿಟಾರ್ ಒಂದೇ ನುಡಿಯುವ ಭಾಗ ಬರುತ್ತದೆ, ಅದು ಕೇಳಿಸದಿದ್ದರೆ ಅರ್ಧ ಹಾಡೇ ಹೋಯಿತು. ನಮಸ್ಕಾರ.