ಹೊಸಾ ಪ್ಲಗ್ಗಿನ ಮ್ಯಾಲೆ ಸಂಶಯ ಯಾರಿಗೆ ಬರ್ತೈತಿ?

ನಮಸ್ಕಾರ್ರಿ. ಪುಣೆಯೊಳಗಿರೋ ನಮ್ಮ ಮಂದಿಗೆ ಖಂಬಾಟಕಿ ಘಾಟ್ ಗೊತ್ತೇ ಐತಿ, ಊರಿಗೆ ಹೋಗೋ ಹಾದ್ಯಾಗ ಬರೋ ಘಾಟ್ ಅದು. ಹೋದ ದೀಪಾವಳಿಗೆ ಬೆಳಗಾವಿಗೆ ಹೊಂಟಿದ್ವಿ, ಸರ್ವಿಸ್ ಮಾಡಿಸಿ ವಾರನೂ ಆಗಿರ್ಲಿಲ್ಲ, ಇಂಜಿನ್ನಿನಾಗ ಕಿಡಿ ಹಚ್ಚೋ ನಾಲ್ಕೂ ಸ್ಪಾರ್ಕ್ ಪ್ಲಗ್ ಹೊಸವು, ಅರ್ಧ ಘಾಟ್ ಏರೋದ್ರಾಗ ಗಾಡಿ ಮಿಸಿಂಗ್ ಹೊಡಿಯಾಕ ಹತ್ತಿತು, ಜಗ್ಗಿ ಜಗ್ಗಿ ಬಿಟ್ಟಂಗ, ಚೆಕ್ ಇಂಜಿನ್ ಲೈಟ್ ಬ್ಯಾರೆ ಮಿಣಮಿಣ.

ಈ ಲೈಟ್ ಸುಮ್ನ ಹತ್ತಿಕೊಂಡಿದ್ರ ನಿಧಾನಕ ಗ್ಯಾರೇಜ್ ತನಕ ಹೋಗಬಹುದು, ಮಿಣುಕಾಕ ಹತ್ತಿದ್ರ ಮಾತ್ರ ಆಕ್ಸಿಲರೇಟರ್ ಬಿಟ್ಟು ಸೈಡಿಗೆ ಹಾಕ್ರಿ, ಯಾಕಂದ್ರ ಸಿಲಿಂಡರಿನಾಗ ಸುಡದ ಪೆಟ್ರೋಲ್ ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡ್ತೈತಿ, ಅದು ಕೆಟ್ರ ಖರ್ಚು ಕೇಳಬ್ಯಾಡ್ರಿ.

ಸ್ಟೇರಿಂಗ್ ಕೆಳಗ ಗಾಡಿಯ ದೋಷದ ಕೋಡ್ ಓದೋ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚಿದ್ರ ಪಿ 0303 ಅನ್ನೋ ಕೋಡ್ ಬಂತು. ಕೊನೀ ಅಂಕಿ ಸಿಲಿಂಡರ್ ನಂಬರ್, ಅಂದ್ರ ಮಿಸಿಂಗ್ ಮೂರನೇದ್ರಾಗ. 0300 ಬಂದಿದ್ರ ಒಂದೇ ಸಿಲಿಂಡರಿನಾಗಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಅಂತ, ಅವಾಗ ಏರ್ ಲೀಕ್, ಪೆಟ್ರೋಲ್ ಪ್ರೆಶರ್ ಕಡೆ ನೋಡಬೇಕು. ಗ್ಯಾರೇಜಿನವ ಕೋಡ್ ನೋಡಿದ್ದೇ ತಡ ‘ಕಾಯಿಲ್ ಗೇಲಾ’ ಅಂದ, ಅಂದ್ರ ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಹೋತು ಅಂತ, ನಾನೂ ಪುಣೆಯ ನಾನಾ ಪೇಠಿಗೆ ಹೋಗಿ ಕಾಯಿಲ್ ತಂದು ಹಾಕಿಸಿದೆ. ಕಾತ್ರಜ್ ಘಾಟ್ ಏರಿಸಿ ನೋಡಿದ್ರ ಮತ್ತ ಅದೇ ರಾಗ.

ತಪ್ಪು ನಂದೂ ಐತ್ರಿ. ಕೋಡ್ ಹೇಳೂದು ಎಲ್ಲಿ ಅಂತ ಅಷ್ಟ, ಯಾಕ ಅಂತ ಹೇಳೂದಿಲ್ಲ. ಕಾಯಿಲ್ ಕೊಳ್ಳೂಕ್ಕಿಂತ ಮೊದ್ಲ ಮೂರರದು ಎರಡಕ್ಕ, ಎರಡರದು ಮೂರಕ್ಕ ಅದಲಾಬದಲಿ ಮಾಡಿ, ಕೋಡ್ ಅಳಿಸಿ, ಓಡಿಸಿ ನೋಡಬೇಕಿತ್ತು, ಕೋಡ್ 0302 ಅಂತ ಬಂದ್ರ ಕಾಯಿಲ್ ಕಳ್ಳ, 0303ನೇ ಬಂದ್ರ ಕಾಯಿಲ್ ಪಾಪದ್ದು. ಒಂದು ರೂಪಾಯಿ ಖರ್ಚಿಲ್ಲ. ಆಮ್ಯಾಲೆ ಭಾನುವಾರ ಇಂಜಿನ್ ಆರಿದ ಮ್ಯಾಲೆ ನಾನೇ ಎರಡು, ಮೂರರ ಪ್ಲಗ್ ಹಿಂಗ ಅದಲಾಬದಲಿ ಮಾಡಿದೆ. ಬಂತ್ ನೋಡ್ರಿ 0302!

ಆ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ್ರ ಬಿಳೀ ಪಿಂಗಾಣಿ ಮ್ಯಾಲೆ ಕೂದಲೆಳಿಯಷ್ಟು ಬಿರುಕು. ಹಾಕೋ ಮುಂದ ಕೆಳಗ ಬಿದ್ದಿರಬೇಕು. ಸಪಾಟ ರೋಡಿನ್ಯಾಗ ಏನೂ ಗೊತ್ತಾಗ್ತಿರ್ಲಿಲ್ಲ, ಘಾಟಿನ್ಯಾಗ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗ ಒತ್ತಡ ಜಾಸ್ತಿ, ಕಿಡಿಗೆ ಪ್ಲಗ್ಗಿನ ತುದಿಯ ಗ್ಯಾಪ್ ದಾಟೋದು ತ್ರಾಸು, ಅದು ಸುಲಭದ ಹಾದಿ ಹುಡುಕಿ ಬಿರುಕಿನಿಂದ ಹೊರಗ ಜಿಗಿತಿತ್ತು.

ಪ್ಲಗ್ಗಿಗೂ ಕೋಡ್ ಜಾಗ ಬದಲಾಗ್ಲಿಲ್ಲಂದ್ರ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್, ಅದೂ ಅಲ್ಲಂದ್ರ ಸಿಲಿಂಡರಿನ ಒತ್ತಡ ಅಂದ್ರ ಕಂಪ್ರೆಷನ್, ಅದು ಮೆಕ್ಯಾನಿಕ್ ಕೆಲಸ. ಹಳೇ ಕಾಯಿಲ್ ಚಲೋನೇ ಇತ್ತಲ್ಲ, ಅದೀಗ ಡಿಕ್ಕಿಯೊಳಗ ಬಿದ್ದೈತಿ, ಬೇಕಾದವರು ಹೇಳ್ರಿ.