ಮೊದಲ ಮಳೆಯ ಕಪ್ಪು ನೀರು

ಕೇಳುಗರಿಗೆ ನಮಸ್ಕಾರ.

ಅಶ್ವಿನಿಯೋ ಭರಣಿಯೋ, ಬೇಸಿಗೆಯ ಮೊದಲ ಜೋರು ಮಳೆ ಬಿದ್ದಾಗ ಬೆಂಗಳೂರಿನ ಯಾವುದಾದರೂ ಮೋರಿಯನ್ನು ಒಮ್ಮೆ ಬಗ್ಗಿ ನೋಡಿ. ನೀರು ಕಪ್ಪಗಿರುತ್ತದೆ. ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತಿದ್ದ ಟೈರಿನ ಪುಡಿ, ಬ್ರೇಕಿನಿಂದ ಉದುರಿದ ತಾಮ್ರ, ಇಂಜಿನ್ ಆಯಿಲ್, ಸಗಣಿ, ಎಲ್ಲ ಒಟ್ಟಿಗೆ ತೊಳೆದು ಬರುತ್ತವೆ. ಮಳೆ ಸುರಿಯುತ್ತಾ ಹೋದಂತೆ ನೀರು ಸ್ವಲ್ಪ ತಿಳಿಯಾಗುತ್ತದೆ.

ನಮ್ಮೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30-40ರ ಒಂದು ಸೈಟಿನ ಮೇಲೇ ಒಂದು ಲಕ್ಷ ಲೀಟರಿಗಿಂತ ಜಾಸ್ತಿ ಬೀಳುತ್ತದೆ. ಸುಮ್ನೆ ರಾಜಕಾಲುವೆಗೆ ಬಿಡೋಕೆ ಮನಸ್ಸು ಬರುತ್ತದಾ?

ಹಾಗೆಂದೇ ನಮ್ಮ ಬೀದಿಯಲ್ಲಿ ಕೆಲವರು ಮೋರಿಯ ನೀರನ್ನು ಪೈಪ್ ಹಾಕಿ ನೇರವಾಗಿ ಒಂದು ಹಳೆ ಬೋರ್‌ವೆಲ್‌ಗೆ ಇಳಿಸಿದರು. ಒಳ್ಳೆಯ ಉದ್ದೇಶವೇ. ಆದರೆ ಎರಡನೇ ಮಳೆಗಾಲಕ್ಕೆ ಅಕ್ಕಪಕ್ಕದ ಬೋರ್‌ವೆಲ್ ನೀರು ವಾಸನೆ ಬಂತು. ಚಾವಣಿಯ ನೀರು ಬೇರೆ, ರಸ್ತೆಯ ನೀರು ಬೇರೆ. ನೆಲದಡಿಗೆ ಒಮ್ಮೆ ಹೋದ ಕೊಳೆಯನ್ನು ಹೊರಗೆ ತೆಗೆಯೋದು ಬಹಳ ಕಷ್ಟ.

ರಸ್ತೆಯ ನೀರಿಗೆ ಬೇಕಾದ್ದು ನಿಧಾನ. ಮೊದಲು ಒಂದು ಹೂಳುಗುಂಡಿ, ಅಲ್ಲಿ ಕಸ, ಮಣ್ಣು ತಳಕ್ಕೆ ಕೂರುತ್ತವೆ. ಆಮೇಲೆ ಮೊಣಕಾಲೆತ್ತರದ ಮರಳಿನ ಹಾಸು, ಅದರ ಮೇಲೆ ಜೊಂಡು. ತಾಮ್ರ, ಸತುವು, ಸೀಸದ ಬಹುಪಾಲು ನುಣ್ಣನೆ ಮಣ್ಣಿಗೆ ಅಂಟಿಕೊಂಡೇ ಬರುತ್ತದೆ. ಮರಳು ಆ ಮಣ್ಣನ್ನು ಹಿಡಿಯುತ್ತದೆ. ಬೇರುಗಳ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳು ಎಣ್ಣೆಯನ್ನು ಮೆಲ್ಲಗೆ ತಿಂದು ಹಾಕುತ್ತವೆ. ಬೇರು ಸಾಯುತ್ತಾ ಚಿಗುರುತ್ತಾ ಮರಳಲ್ಲಿ ದಾರಿ ಮಾಡುವುದರಿಂದ ಹಾಸು ಬೇಗ ಕಟ್ಟಿಕೊಳ್ಳುವುದಿಲ್ಲ. ನನಗೆ ಬಹಳ ಇಷ್ಟವಾಗುವುದು ತಳದ ಪದರ. ಅಲ್ಲಿ ಮರದ ಚಕ್ಕೆ ಬೆರೆಸಿ ನೀರು ನಿಲ್ಲುವಂತೆ ಮಾಡುತ್ತಾರೆ. ಗಾಳಿ ಸಿಗದ ಆ ಕತ್ತಲಲ್ಲಿ ಬೇರೆಯೇ ಬ್ಯಾಕ್ಟೀರಿಯಾಗಳು ಸಗಣಿಯಂಥ ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ನಮ್ಮೂರಿನ ಜಕ್ಕೂರು ಕೆರೆ ನೋಡಿದ್ದೀರಲ್ವಾ? ಅಲ್ಲಿ ಶುದ್ಧೀಕರಿಸಿದ ಚರಂಡಿ ನೀರು ಜೊಂಡಿನ ಜೌಗು ದಾಟಿಯೇ ಕೆರೆ ಸೇರುತ್ತದೆ. ಅದು ಮಳೆನೀರಲ್ಲ, ಆದರೆ ಬೇರು ಮಾಡುವ ಕೆಲಸ ಒಂದೇ.

ಸೊಳ್ಳೆ ಬರಲ್ವಾ ಅಂತ ಕೇಳುತ್ತಾರೆ. ಹಾಸಿನ ಮೇಲಿನ ನೀರು ಒಂದು ದಿನದೊಳಗೆ ಇಂಗಿದರೆ ಮರಿಯಾಗಲು ಸಮಯವೇ ಸಿಗುವುದಿಲ್ಲ. ಇಂಗದಿದ್ದರೆ ಮೇಲಿನ ಎರಡು ಬೆರಳಷ್ಟು ಮರಳು ಕೆರೆದು ಹೊಸದು ಹಾಕಬೇಕು.

ನಮ್ಮ ಬೀದಿಯ ಆ ಪೈಪ್ ಈಗ ಮುಚ್ಚಿದೆ. ಪಾರ್ಕಿನ ಮೂಲೆಯಲ್ಲಿ ಮರಳಿನ ಒಂದು ಪುಟ್ಟ ಹಾಸು ಇದೆ. ಅದರಿಂದ ಇಳಿದ ನೀರು ಗಿಡಗಳಿಗೆ, ನೆಲ ತೊಳೆಯಲಿಕ್ಕೆ. ಕುಡಿಯಲಿಕ್ಕಲ್ಲ. ಮಳೆಗೆ ಮುಂಚೆ, ಬರುವ ಭಾನುವಾರ, ನಾವು ನಾಲ್ಕು ಜನ ಸಲಿಕೆ ಹಿಡಿದು ಮರಳು ಕೆರೆಯೋಕೆ ಹೋಗುತ್ತಿದ್ದೇವೆ.